ನ್ಯೂಜಿಲೆಂಡಿಗೆ ಬಲಗಡೆ ಹೂ

“ದೇವರ ಮಾತಿಗೂ ಬೆಲೆ ಇಲ್ಲವಾದರೆ ಎಲ್ಲಿಗೆ ಬೇಕಾದರೂ ಹಾಳಾಗಿ ಹೋಗು! ಆಮೇಲೆ ನನ್ನ ಮುಖ ನೋಡಲಿಕ್ಕೆ ಬರಬೇಡ!”

“ದೇವರು ಯಾವಾಗ ಮಾತಾಡಿದ್ದು ಅಮ್ಮ? ಮಾತಾಡಿದ್ದು ಮಾಮ.”

“ನೋಡಿದೆಯಾ ಅಣ್ಣ? ಬಾಯಿ ನೋಡಿದೆಯಾ ಇವಳದ್ದು?”

ಮುಂಬಯಿಯ ಬೊರಿವಲಿಯಲ್ಲಿ ನನ್ನ ಅಣ್ಣ ಚೆನ್ನಯನ ಮನೆ. ಭಾನುವಾರ ಮಧ್ಯಾಹ್ನ. ಎದುರು ಕೂತು ನನಗೆ ಉತ್ತರ ಕೊಡುತ್ತಿದ್ದವಳು ನನ್ನ ಒಬ್ಬಳೇ ಮಗಳು ಶ್ರಾವ್ಯಾ. ಬಂಗುಡೆ ಸಾರು ತಟ್ಟೆಯಲ್ಲೇ ಒಣಗುತ್ತಿತ್ತು. ಸಿಟ್ಟು ಬಂದರೆ ನನಗೆ ಅನ್ನ ಇಳಿಯುವುದಿಲ್ಲ. ಅವಳೋ, ಬೈಗುಳ ತಿನ್ನುತ್ತಲೇ ಮೀನಿನ ಮುಳ್ಳು ಬಿಡಿಸಿ ಬಿಡಿಸಿ ಉಣ್ಣುತ್ತಿದ್ದಳು. ಅದನ್ನು ನೋಡಿ ಇನ್ನೂ ಸಿಟ್ಟು ಬಂತು.

ವಿಷಯ ಹೇಳುತ್ತೇನೆ. ಶ್ರಾವ್ಯಾ ನರ್ಸು. ಗೋರೆಗಾಂವ್‌ನ ಒಂದು ಆಸ್ಪತ್ರೆಯಲ್ಲಿ ಕೆಲಸ. ಹೊರದೇಶಕ್ಕೆ ಹೋಗುತ್ತೇನೆ ಎಂದಾಗ ನಾನು ಬೇಡ ಎನ್ನಲಿಲ್ಲ. ಇಲ್ಲಿ ನರ್ಸು ಹುಡುಗಿಯರನ್ನು ಕತ್ತೆಯ ಹಾಗೆ ದುಡಿಸುವುದನ್ನು ನಾನು ನೋಡಿದ್ದೇನೆ. ಜಗಳ ಇದ್ದದ್ದು ಯಾವ ದೇಶ ಎನ್ನುವುದರ ಮೇಲೆ. ಕೆನಡಾ, ನ್ಯೂಜಿಲೆಂಡ್, ಜರ್ಮನಿ, ಈ ಮೂರು ಹೆಸರು ವರ್ಷಗಟ್ಟಲೆ ನಮ್ಮ ಭಾಂಡುಪ್‌ನ ರೂಮಿನಲ್ಲಿ ಓಡಾಡಿದವು. ಅವಳ ಮನಸ್ಸು ಜರ್ಮನಿ ಮೇಲೆ ಕೂತಿತ್ತು. ಡ್ಯೂಟಿ ಮುಗಿಸಿ ಕ್ಲಾಸಿಗೆ ಹೋಗಿ ಆ ಭಾಷೆ ಕಲಿತಳು. ಮನೆಯ ಡಬ್ಬಿಗಳಿಗೆಲ್ಲ ಆ ಭಾಷೆಯ ಚೀಟಿ ಅಂಟಿಸಿದಳು. ನಾನು ಏಳನೇ ಕ್ಲಾಸು ಓದಿದವಳು, ನನ್ನ ಉಪ್ಪಿನ ಡಬ್ಬಿಯನ್ನು ನಾನೇ ಓದಲಾರದ ಹಾಗೆ ಮಾಡಿಟ್ಟಳು. ಪರೀಕ್ಷೆಯೂ ಪಾಸಾಯಿತು, ಅಲ್ಲಿನ ಆಸ್ಪತ್ರೆಯೊಂದು ಕೆಲಸವನ್ನೂ ಕೊಟ್ಟಿತು.

ಅಣ್ಣನದು ಬೇರೆ ಮಾತು. ಅವನ ಮಗ ಸಂದೀಪ ನ್ಯೂಜಿಲೆಂಡಿನಲ್ಲಿ ಓದುತ್ತಿದ್ದಾನೆ. ಅಲ್ಲಿಗೇ ಹೋಗಲಿ, ನಮ್ಮವನೊಬ್ಬ ಇದ್ದಾನಲ್ಲ ಎಂದು ಅವನ ಹಟ. ಅದು ನನಗೂ ಸರಿ ಕಂಡಿತ್ತು. ನಮ್ಮ ಕಡೆಯವರು ಊರು ನೋಡಿ ಹೋಗುವುದಿಲ್ಲ, ಜನ ನೋಡಿ ಹೋಗುತ್ತಾರೆ. ನಾನು ಮದುವೆಯಾಗಿ ಬಂದದ್ದು ಮುಂಬಯಿಗೆ ಅಲ್ಲ, ಅಣ್ಣನ ಹೋಟೆಲು ಇರುವ ಊರಿಗೆ.

ಮಾತು ಮುಗಿಯದಾದಾಗ ಅಣ್ಣ ಹೇಳಿದ, “ನಾವು ಯಾಕೆ ಕಚ್ಚಾಡುವುದು ಸೇವಂತಿ? ಊರಿಗೆ ಹೋಗುವವನಿದ್ದೇನೆ. ಮೂರು ದೇಶದ ಹೆಸರನ್ನೂ ಹೇಳಿ ದೇವರಲ್ಲಿ ಹೂ ಕೇಳಿ ಬರ್ತೇನೆ.”

ಹೂ ಕೇಳುವುದು ನಮ್ಮ ಊರಿನ ದೇವಸ್ಥಾನದ ಪದ್ಧತಿ. ಭಟ್ರು ದೇವರ ಎರಡು ಹೆಗಲಿಗೂ ಒದ್ದೆ ಕೇಪಳ ಹೂ ಅಂಟಿಸುತ್ತಾರೆ. ನಾವು ವಿಷಯ ಹೇಳಿಕೊಳ್ಳಬೇಕು. ಬಲಗಡೆಯ ಹೂ ಮೊದಲು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ನನ್ನ ಮದುವೆಗೂ ಕೇಳಿದ್ದರು. ಅಣ್ಣನ ಹೋಟೆಲಿಗೂ ಕೇಳಿದ್ದರು. ಶ್ರಾವ್ಯಾ ಆಗ ನಕ್ಕು, “ಕೇಳಿ ಮಾಮ, ಕೇಳಿ. ದೇವರಿಗೆ ಜರ್ಮನ್ ಬರ್ತದಾ ಅಂತಲೂ ಕೇಳಿ” ಎಂದಿದ್ದಳು. ತಮಾಷೆಗಾದರೂ ಒಪ್ಪಿದ್ದಳಲ್ಲ?

ಅಣ್ಣ, ಅತ್ತಿಗೆ ಊರಿಗೆ ಹೋಗಿ ಬಂದರು. ಕೆನಡಾಕ್ಕೆ ಎಡ. ಜರ್ಮನಿಗೆ ಎಡ. ನ್ಯೂಜಿಲೆಂಡಿಗೆ ಬಲ. ಫೋನಿನಲ್ಲಿ ಅಣ್ಣ ಹೇಳಿದಾಗ ನಾನು ಗ್ರೈಂಡರ್ ನಿಲ್ಲಿಸಿ ಅಲ್ಲಿಂದಲೇ ಕೈ ಮುಗಿದೆ. ಆವತ್ತಿನಿಂದ ಮನೆಯಲ್ಲಿ ಯುದ್ಧ. ಅವಳು ನನ್ನೊಡನೆ ಮಾತು ಬಿಟ್ಟಳು. ಬೈಯುವುದೊಂದು ಬಿಟ್ಟು ನಾನೂ ಬಿಟ್ಟೆ. ಇಷ್ಟು ಚಿಕ್ಕ ರೂಮಿನಲ್ಲಿ ಇಬ್ಬರು ಹೆಂಗಸರು ಮಾತು ಬಿಟ್ಟರೆ ಹೇಗಿರುತ್ತದೆ ಎಂದು ಇದ್ದವರಿಗೇ ಗೊತ್ತು.

ಈ ಭಾನುವಾರ ಬೊರಿವಲಿಗೆ ಬಂದದ್ದು ಪಾಸ್‌ಪೋರ್ಟಿಗೆ. ನಮ್ಮದು ನೆಲಮಹಡಿ. ಮಳೆಗಾಲದಲ್ಲಿ ಗಟಾರದ ನೀರು ಒಳಗೆ ಬರುತ್ತದೆ. ಹಾಗಾಗಿ ಪಾಸ್‌ಪೋರ್ಟು, ಸರ್ಟಿಫಿಕೇಟು ಎಲ್ಲ ಅಣ್ಣನ ಕಪಾಟಿನಲ್ಲಿ. ಸೋಮವಾರ ಅವಳು ಜರ್ಮನಿಯವರಿಗೆ ಉತ್ತರ ಕೊಡಬೇಕು, ಪಾಸ್‌ಪೋರ್ಟು ಏಜೆಂಟರ ಕೈಗೆ ಕೊಡಬೇಕು. ಇಲ್ಲದಿದ್ದರೆ ಆ ಕೆಲಸ ಇನ್ನೊಬ್ಬರಿಗೆ.

“ಮಾಮ, ಪಾಸ್‌ಪೋರ್ಟ್ ಕೊಡಿ. ನಾನು ಹೊರಡ್ತೇನೆ” ಎಂದಳು ಶ್ರಾವ್ಯಾ, ಕೈ ತೊಳೆದು ಬಂದು.

ಅಣ್ಣ ಬನಿಯನ್ನಿನಲ್ಲೇ ಕೂತು ಊಟದ ಮೇಲಿನ ಬಡಿಶೇಪು ಅಗಿಯುತ್ತಿದ್ದ. “ಕೊಡುವ, ಕೊಡುವ. ಅದೇನು ಓಡಿಹೋಗ್ತದಾ? ಮೊದಲು ಕೂತು ನನ್ನ ಮಾತಿಗೆ ಉತ್ತರ ಕೊಡು. ಜರ್ಮನಿಯಲ್ಲಿ ನಮ್ಮವರು ಯಾರಿದ್ದಾರೆ?”

“ಯಾರೂ ಇಲ್ಲ.”

“ಜ್ವರ ಬಂದರೆ ಗಂಜಿ ಕೊಡುವವರು ಯಾರು?”

“ನಾನು ನರ್ಸ್ ಮಾಮ. ಜ್ವರ ಬಂದವರಿಗೆ ನಾನೇ ಕೊಡೋದು.”

“ಇದೇ, ಇದೇ ಅಹಂಕಾರ! ಒಂದು ತುಳು ಮಾತಾಡುವ ನಾಲಗೆ ಇಲ್ಲದ ದೇಶಕ್ಕೆ ಹೋಗಿ ಎಂತ ಮಾಡ್ತಿ ನೀನು? ಗೋಡೆ ಹತ್ತಿರ ಮಾತಾಡ್ತಿಯಾ?”

“ಹ್ಞಾಂ, ಗೋಡೆ ಜೊತೆ. ಗೋಡೆ ಕಮ್ಸೆ ಕಮ್ ‘ನಿನಗೆ ಮದುವೆ ಯಾವಾಗ’ ಅಂತ ಕೇಳೋದಿಲ್ಲ. ನಿನ್ನೆ ಸ್ಟೇಷನ್‌ನಲ್ಲಿ ಯಾರ ಜೊತೆ ಚಾ ಕುಡಿದೆ ಅಂತ ನಿಮ್ಮ ಹೋಟೆಲಿನ ಕ್ಯಾಷಿಯರ್ ಅಮ್ಮನಿಗೆ ಫೋನ್ ಮಾಡೋದಿಲ್ಲ. ನಮ್ಮವರು ಇಲ್ಲ ಅಂತಲೇ ನಾನು ಆ ದೇಶ ಆರಿಸಿದ್ದು.”

ಆ ಮಾತು ನನ್ನ ಎದೆಗೆ ಬಿತ್ತು. ನಮ್ಮವರು ಇಲ್ಲ ಅಂತಲೇ! ಗಂಡ ಸತ್ತಾಗ ಈ ‘ನಮ್ಮವರು’ ಇಲ್ಲದಿದ್ದರೆ ನಾನು ಇವಳನ್ನು ಕಟ್ಟಿಕೊಂಡು ಯಾವ ಫುಟ್‌ಪಾತಿನಲ್ಲಿರುತ್ತಿದ್ದೆ?

“ನಾಚಿಕೆ ಆಗುವುದಿಲ್ಲವಾ ನಿನಗೆ? ಮಾಮನ ಮನೆಯ ಅನ್ನ ಈಗಷ್ಟೇ ಉಂಡು ಕೈ ತೊಳೆದಿದ್ದಿ!”

“ಉಂಡದ್ದಕ್ಕೆ ಥ್ಯಾಂಕ್ಸ್. ಪಾಸ್‌ಪೋರ್ಟ್ ಕೊಡಿ.”

“ನ್ಯೂಜಿಲೆಂಡಿಗೆ ಏನಾಗಿದೆ ಹೇಳು” ಅಂದ ಅಣ್ಣ, ದನಿ ಇಳಿಸಿ. “ನಿನ್ನಂಥ ನರ್ಸಿಗೆ ಅಲ್ಲಿ ಕೆಲಸ ಉಂಟು. ಸಂದೀಪ ಇದ್ದಾನೆ. ಏರ್‌ಪೋರ್ಟಿಗೆ ಬರ್ತಾನೆ, ರೂಮು ನೋಡಿ ಕೊಡ್ತಾನೆ...”

“ಸಂದೀಪನಾ?” ಶ್ರಾವ್ಯಾ ನಕ್ಕೇ ಬಿಟ್ಟಳು. “ಮಾಮ, ಅವನು ಇಲ್ಲಿದ್ದಾಗ ಚರ್ಚ್‌ಗೇಟ್‌ಗೆ ಹೋಗೋದಿಕ್ಕೆ ಉಲ್ಟಾ ದಿಕ್ಕಿನ ವಿರಾರ್ ಟ್ರೈನ್ ಹತ್ತಿದವನು. ಅನ್ನ ಬೇಯಿಸುವಾಗ ನೀರು ಎಷ್ಟು ಹಾಕಬೇಕು ಅಂತ ನನಗೆ ಅಲ್ಲಿಂದ ಮೆಸೇಜ್ ಮಾಡ್ತಾನೆ. ಅವನು ನನ್ನನ್ನು ನೋಡಿಕೊಳ್ತಾನಾ?”

ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ವಾರಿಜಾ ಕಾಣಿಸಿದಳು. ಅವಳು ಜಗಳಕ್ಕೆ ಬರುವವಳಲ್ಲ. ಆದರೆ ಮಗನ ಮಾತು ಬಂದರೆ ಬೆಕ್ಕಿನ ಹಾಗೆ ಮೈ ಉಬ್ಬಿಸುತ್ತಾಳೆ. ಕೈಯಲ್ಲಿ ಉಂಡ ತಟ್ಟೆಗಳಿದ್ದವು.

“ನನ್ನ ಮಗನಿಗೆ ನಗಬೇಡ ಶ್ರಾವ್ಯಾ! ನಿನ್ನ ಹಾಗೆ ನಾಲಗೆ ಉದ್ದ ಇಲ್ಲ ಅವನಿಗೆ, ಅಷ್ಟೆ. ನೀನು ನಕ್ಕರೇನಾಯಿತು, ದೇವರು ಒಪ್ಪಿ ಆಗಿದೆ. ಭಟ್ರು ಇಬ್ಬರ ನಕ್ಷತ್ರವನ್ನೂ ಹೇಳಿ ಕೇಳಿದ ಕೂಡಲೇ ಟಪ್ಪಂತ ಬಲಗಡೆ ಬಿತ್ತು ಹೂ. ನಾನು ಕಣ್ಣಾರೆ ನೋಡಿದ್ದೇನೆ.”

ಅಣ್ಣ ಬಡಿಶೇಪು ಅಗಿಯುವುದನ್ನು ನಿಲ್ಲಿಸಿದ.

“ವಾರಿಜಾ, ಚಾ ಮಾಡು” ಎಂದ.

“ಈಗಷ್ಟೇ ಊಟ ಆಯಿತು, ಎಂಥ ಚಾ?”

“ಮಾಡು ಅಂದೆನಲ್ಲ!”

ಶ್ರಾವ್ಯಾ ಈಗ ನಗುತ್ತಿರಲಿಲ್ಲ. “ಮಾಮಿ, ಇಬ್ಬರದ್ದು ಅಂದರೆ? ಒಂದು ನನ್ನದು, ಸ್ವಾತಿ. ಇನ್ನೊಂದು ಯಾರದ್ದು?”

ಅತ್ತಿಗೆ ಗಂಡನ ಮುಖ ನೋಡಿದಳು. ಅಣ್ಣ ಕಿಟಕಿಯ ಹೊರಗೆ ನೋಡಿದ. ದೇಶದ ವಿಷಯ ಕೇಳಲಿಕ್ಕೆ ಎರಡು ನಕ್ಷತ್ರ ಯಾಕೆ? ಎರಡು ನಕ್ಷತ್ರ ಹೇಳಿ ಹೂ ಕೇಳುವುದು ಒಂದೇ ವಿಷಯಕ್ಕೆ. ಅದು ಯಾವುದು ಎಂದು ನಮ್ಮ ಊರಿನ ಸಣ್ಣ ಮಕ್ಕಳಿಗೂ ಗೊತ್ತು.

“ಅತ್ತಿಗೆ, ಸಂದೀಪನದ್ದಾ?” ಎಂದೆ.

“ನಾನು ಹೇಳಿದ್ದೆ ಇವರಿಗೆ” ಎಂದಳು ಅತ್ತಿಗೆ. “ಸೇವಂತಿಗೆ ನೇರ ಹೇಳಿ ಅಂತ ಊರಿಗೆ ಹೋಗುವ ಮೊದಲೇ ಹೇಳಿದ್ದೆ.”

“ಜರ್ಮನಿ ಕೇಳಿದಿರಾ?” ಎಂದೆ.

“ಪೂಜೆ ಮುಗಿದು ಬಾಗಿಲು ಹಾಕುವ ಹೊತ್ತಾಗಿತ್ತು...”

“ಜರ್ಮನಿ ಕೇಳಿದಿರಾ ಇಲ್ಲವಾ?”

“ಇಲ್ಲ.”

“ಕೆನಡಾ?”

ಅತ್ತಿಗೆ ತಟ್ಟೆಗಳನ್ನು ಸದ್ದಾಗುವಂತೆ ಟೇಬಲಿನ ಮೇಲೆ ಕುಕ್ಕಿದಳು. “ಯಾವ ದೇಶವನ್ನೂ ಕೇಳಲಿಲ್ಲ ಮಾರಾಯ್ತಿ! ಸಂದೀಪನಿಗೆ ಶ್ರಾವ್ಯಾಳನ್ನು ತಂದರೆ ವೀಸಾ ಸಿಕ್ಕಿ ಅವನು ಅಲ್ಲೇ ನಿಲ್ಲುತ್ತಾನಾ ಅಂತ ಕೇಳಿದ್ದು. ಅಷ್ಟೇ ಕೇಳಿದ್ದು.”

ನಾನು ಎದ್ದು ನಿಂತೆ. ಕೂತು ಬೈಯುವ ಸಿಟ್ಟು ಅದಲ್ಲ.

“ಅಣ್ಣ! ಒಂದು ವಾರ! ಒಂದು ವಾರ ನಾನು ಈ ಹುಡುಗಿಗೆ ಬಾಯಿಗೆ ಬಂದ ಹಾಗೆ ಬೈದೆ. ದೇವರಿಗೆ ಎದುರು ಹೋಗ್ತಿಯಾ ಅಂತ ಕೇಳಿದೆ. ನೀನು ಹೆಣವಾಗಿ ಬರ್ತಿ ಅಂತಲೂ ಅಂದೆ. ಯಾರ ಮಾತು ನಂಬಿ? ನಿನ್ನ ಮಾತು! ನನ್ನ ಮಗಳನ್ನು ನಿನ್ನ ಮಗನ ವೀಸಾ ಮಾಡಲಿಕ್ಕೆ ಹೊರಟೆಯಾ ನೀನು?”

“ಮೆಲ್ಲ ಮಾತಾಡು. ಪಕ್ಕದ ಮನೆ ಗುಜರಾತಿಯವರು...”

“ಕೇಳಲಿ! ಗುಜರಾತಿಯವರೂ ಕೇಳಲಿ, ವಾಚ್‌ಮನ್ನೂ ಕೇಳಲಿ! ನಿಮ್ಮ ಊರಿನವರ ಸಂಘದವರನ್ನೂ ಕರೆ, ಅವರೂ ಕೇಳಲಿ!”

ಸಂಘದ ಹೆಸರು ಹೇಳಿದ್ದೇ ಅಣ್ಣನೂ ಎದ್ದ. ಎತ್ತರದ ಮನುಷ್ಯ. ಹೋಟೆಲಿನಲ್ಲಿ ಅವನು ಎದ್ದು ನಿಂತರೆ ವೇಟರುಗಳು ಗೋಡೆಗೆ ಅಂಟುತ್ತಾರೆ. ನಾನು ಅವನ ವೇಟರ್ ಅಲ್ಲ.

“ಹೌದು, ಸುಳ್ಳು ಹೇಳಿದೆ” ಎಂದ. “ಏನೀಗ? ಸೋದರಮಾವ ನಾನು. ಸೊಸೆಗೆ ನನ್ನ ಮಗನನ್ನು ನೋಡಿದರೆ ಅದು ಕಳ್ಳತನವಾ? ನಮ್ಮಲ್ಲಿ ಇಲ್ಲದ ಸಂಬಂಧವಾ? ಅವನು ಅಲ್ಲಿ ಎರಡು ಸಲ ಫೇಲಾಗಿದ್ದಾನೆ ಸೇವಂತಿ. ಕಾಲೇಜಿಗೇ ಹೋಗುವುದಿಲ್ಲ. ಯಾವುದೋ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾನೆ. ಇಲ್ಲಿ ನಾನು ಹೋಟೆಲಿನ ಧಣಿ, ಅಲ್ಲಿ ಅವನು ಇನ್ನೊಬ್ಬನ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾನೆ! ವೀಸಾ ಮುಗಿಯುತ್ತದೆ, ಬರ್ತೇನೆ ಅಂತ ತಾಯಿಗೆ ಫೋನ್ ಮಾಡಿ ಅಳ್ತಾನೆ. ಅವನು ಹೋಗುವಾಗ ಸಂಘದವರು ಸ್ಟೇಜ್ ಮೇಲೆ ಶಾಲು ಹೊದೆಸಿ ಕಳಿಸಿದ್ದಾರೆ. ಈಗ ವಾಪಸು ಬಂದರೆ ನಾನು ಯಾವ ಮುಖ ಇಟ್ಟುಕೊಂಡು ಹೊರಗೆ ಹೋಗಲಿ? ನರ್ಸಿಗೆ ಅಲ್ಲಿ ಬೇಗ ಖಾಯಂ ವೀಸಾ ಕೊಡ್ತಾರಂತೆ, ಗಂಡನಿಗೂ ಕೊಡ್ತಾರಂತೆ. ಇಬ್ಬರೂ ನಮ್ಮ ಮಕ್ಕಳೇ. ಇಬ್ಬರಿಗೂ ಒಳ್ಳೆಯದಾಗಲಿ ಅಂತ ಮಾಡಿದೆ.”

“ನನ್ನನ್ನು ಕೇಳಬಹುದಿತ್ತಲ್ಲ ಮಾಮ” ಎಂದಳು ಶ್ರಾವ್ಯಾ. ಅವಳ ದನಿ ಏರಲಿಲ್ಲ. ಅದು ನನಗೆ ಸಹಿಸಲಿಕ್ಕಾಗಲಿಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ಇಂಥ ಹೊತ್ತಲ್ಲೂ ಕಿರುಚುವುದಿಲ್ಲವೆಂದರೆ!

“ಕೇಳಿದ್ದರೆ ಒಪ್ಪುತ್ತಿದ್ದೆಯಾ?” ಎಂದ ಅಣ್ಣ.

“ಇಲ್ಲ.”

“ಮತ್ತೆ?”

“ಮತ್ತೆ ಏನು? ಇಲ್ಲ ಅಂದರೆ ಇಲ್ಲ. ಬಾತ್ ಖತಮ್.”

“ಖತಮ್ ಅಂತೆ! ಅಪ್ಪ ಸತ್ತಾಗ ಸ್ಕೂಲಿಗೆ ಕಳಿಸಿದ್ದು ಯಾರು? ನರ್ಸಿಂಗಿಗೆ ಸೀಟು ತೆಗೆಸಿಕೊಟ್ಟದ್ದು ಯಾರು? ಆಗ ಮಾಮ ಬೇಕಿತ್ತು. ಈಗ ಖತಮ್!”

“ಆ ಲೆಕ್ಕ ನನ್ನ ಹತ್ತಿರ ಮಾತಾಡು” ಎಂದೆ ನಾನು. “ಅವಳ ಹತ್ತಿರ ಅಲ್ಲ. ನಿನ್ನ ಹೋಟೆಲಿನ ಇಡ್ಲಿ ಹಿಟ್ಟು ಇಷ್ಟು ವರ್ಷ ಯಾರ ಕೈಯಲ್ಲಿ ರುಬ್ಬಿದ್ದು? ಹಬ್ಬವಿಲ್ಲ, ಜ್ವರವಿಲ್ಲ, ಭಾಂಡುಪ್‌ನಿಂದ ಟೆಂಪೋದಲ್ಲಿ ಬೆಳಿಗ್ಗೆ ಹಿಟ್ಟು ಬಂದೇ ಬರ್ತದಲ್ಲ, ಅದನ್ನು ನಿನ್ನ ಸಂಘದವರು ಕಳಿಸ್ತಾರಾ? ನಾನು ನಿನ್ನ ಋಣದಲ್ಲಿದ್ದೇನೆ ಅಂತ ಯಾವತ್ತೂ ಬಾಯಿ ಮುಚ್ಚಿಕೊಂಡಿದ್ದೆ. ಇವತ್ತು ಇಲ್ಲ. ದೇವರ ಹೆಸರಲ್ಲಿ ಸುಳ್ಳು ಹೇಳಿದವನ ಮುಂದೆ ನಾನು ಬಾಯಿ ಮುಚ್ಚುವುದಿಲ್ಲ. ಪಾಸ್‌ಪೋರ್ಟು ತೆಗೆ.”

“ಕೊಡುವುದಿಲ್ಲ.”

“ಏನಂದಿ?”

“ಸಿಟ್ಟು ಇಳಿಯಲಿ, ಆಮೇಲೆ ಕೊಡ್ತೇನೆ. ಬುಧವಾರ ಬಾ.”

“ಬುಧವಾರಕ್ಕೆ ಕೆಲಸವೇ ಇರೋದಿಲ್ಲ ಮಾಮ, ನಿಮಗೆ ಗೊತ್ತಿದೆ” ಎಂದಳು ಶ್ರಾವ್ಯಾ.

“ಗೊತ್ತಿದೆ” ಎಂದ ಅಣ್ಣ. ಹೀಗೆ ಮುಖಕ್ಕೆ ಮುಖ ಕೊಟ್ಟು ಹೇಳಿದ. ಒಂದೇ ತಾಯಿಯ ಹಾಲು ಕುಡಿದವನು.

ನಾನು ಕಪಾಟಿನ ಕಡೆ ನುಗ್ಗಿದೆ. ಅಣ್ಣ ಅಡ್ಡ ನಿಂತ. ನಾನು ಅವನ ಎದೆಗೆ ಕೈ ಹಾಕಿ ನೂಕಿದೆ. ಅವನು ಅಲುಗಲಿಲ್ಲ, ನನ್ನ ಬಳೆ ಒಡೆಯಿತು. ಶ್ರಾವ್ಯಾ “ಅಮ್ಮ, ಬೇಡ” ಎಂದು ನನ್ನ ತೋಳು ಹಿಡಿದಳು. ಅಷ್ಟರಲ್ಲಿ ಒಳಗಿನ ರೂಮಿನಲ್ಲಿ ಕಬ್ಬಿಣದ ಬಾಗಿಲು ಕಿರ್ರೆಂದಿತು. ನಾವು ಹೊಡೆದಾಡುತ್ತಿದ್ದದ್ದು ಹಾಲ್‌ನ ಕಪಾಟಿನ ಮುಂದೆ. ಅದರಲ್ಲಿ ಇದ್ದದ್ದು ಬರೀ ಗಾಜಿನ ಗ್ಲಾಸುಗಳು. ಕಾಗದಪತ್ರ ಇದ್ದದ್ದು ಅತ್ತಿಗೆಯ ಗೋದ್ರೆಜಿನಲ್ಲಿ.

ಅತ್ತಿಗೆ ಬಂದಳು. ಪ್ಲಾಸ್ಟಿಕ್ ಕವರನ್ನು ಶ್ರಾವ್ಯಾಳ ಮುಂದೆ ಟೇಬಲಿನ ಮೇಲೆ ಬಿಸಾಡಿದಳು.

“ತಕೋ. ಪಾಸ್‌ಪೋರ್ಟು, ಸರ್ಟಿಫಿಕೇಟು ಎಲ್ಲ ಉಂಟು. ಜರ್ಮನಿಗೆ ಹೋಗು, ಎಲ್ಲಿಗಾದರೂ ಹೋಗು. ನನ್ನ ಮಗ ಬರುವುದಾದರೆ ಬರಲಿ.”

“ವಾರಿಜಾ!” ಅಣ್ಣ ಗುಡುಗಿದ.

“ಕೂಗಬೇಡಿ! ಹುಡುಗ ಅಲ್ಲಿ ಒಂದು ಹೊತ್ತು ಊಟ ಮಾಡ್ತಾನೆ. ಬರ್ತೇನೆ ಅಮ್ಮ ಅಂತ ನನ್ನ ಹತ್ತಿರ ಅಳ್ತಾನೆ. ನಿಮಗೆ ಶಾಲಿನ ಚಿಂತೆ. ಆ ಶಾಲು ಹೊದ್ದು ನೀವೇ ಹೋಗಿ ಇರಿ ನ್ಯೂಜಿಲೆಂಡಿನಲ್ಲಿ!”

ಅತ್ತಿಗೆ ಗಂಡನಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಣ್ಣ ಸೋಫಾದಲ್ಲಿ ಕೂತ. ಸೋತು ಕೂತನೋ, ಯಾರನ್ನು ಮೊದಲು ಬೈಯುವುದು ಎಂದು ಯೋಚಿಸುತ್ತ ಕೂತನೋ, ನನಗೆ ಬೇಕಾಗಿರಲಿಲ್ಲ.

ಶ್ರಾವ್ಯಾ ಕವರು ತೆರೆದು ಒಂದೊಂದೇ ಕಾಗದ ನೋಡಿದಳು. ಬ್ಯಾಗಿಗೆ ಹಾಕಿದಳು. “ಥ್ಯಾಂಕ್ಯೂ ಮಾಮಿ” ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. ಆ ವಾರದಲ್ಲಿ ಮೊದಲ ಸಲ ಅವಳು ನನ್ನನ್ನು ಸರಿಯಾಗಿ ನೋಡಿದ್ದು. ಮುಖ ಸ್ವಲ್ಪ ಸಡಿಲವಾಗಿತ್ತು. ನಾನು ಅವಳ ಪರವಾಗಿ ಜಗಳಾಡಿದೆನಲ್ಲ.

“ನಡಿ ಅಮ್ಮ. ನಾಳೆ ಸೈನ್ ಮಾಡಿ ಕೊಟ್ಟುಬಿಡ್ತೇನೆ.”

“ನಿಲ್ಲು” ಎಂದೆ. “ಸೈನು ಈಗ ಬೇಡ. ಅವರಿಗೆ ಫೋನ್ ಮಾಡಿ ಎರಡು ದಿನ ಕೇಳು. ನಾಳೆ ಬಸ್ಸಿಗೆ ಊರಿಗೆ ಹೋಗುವ, ನೀನು, ನಾನು ಇಬ್ಬರೇ. ಈ ಕಳ್ಳರು ಬೇಡ. ನಿನ್ನ ಒಂದೇ ನಕ್ಷತ್ರ ಹೇಳಿ, ಜರ್ಮನಿ ಅಂತ ಬಾಯಿ ಬಿಟ್ಟು ಹೇಳಿ, ಸರಿಯಾಗಿ ಹೂ ಕೇಳುವ. ಬಲಗಡೆ ಬಿದ್ದರೆ ನಾನೇ ನಿನ್ನ ಬ್ಯಾಗು ಹೊತ್ತು ಏರ್‌ಪೋರ್ಟಿಗೆ ಬರ್ತೇನೆ.”

ಅವಳು ಬ್ಯಾಗಿನ ಜಿಪ್ ಎಳೆದಳು.

“ಎಡಗಡೆ ಬಿದ್ದರೆ?”

“ಯಾಕೆ ಬೀಳ್ತದೆ? ಬಿದ್ದರೆ ಆಗ ನೋಡುವ. ಕೆನಡಾ ಉಂಟಲ್ಲ.”

“ಕೆನಡಾ ಉಂಟಲ್ಲ” ಎಂದು ಅವಳು ನನ್ನ ಮಾತನ್ನೇ ಹೇಳಿದಳು. ಆಮೇಲೆ ಕಿರುಚಿದಳು. ಇಡೀ ಮಧ್ಯಾಹ್ನ ಕಿರುಚದವಳು ಈಗ ಕಿರುಚಿದಳು, ಮಾಮನಿಗೆ ಅಲ್ಲ, ನನಗೆ! “ಮತ್ತೆ ಹೂವಾ ಅಮ್ಮ? ಇಷ್ಟೆಲ್ಲ ಆದ ಮೇಲೂ ಮತ್ತೆ ಹೂವಾ? ಎರಡು ವರ್ಷ ಟ್ರೈನಲ್ಲಿ ನಿಂತುಕೊಂಡು ಆ ಭಾಷೆ ಓದಿದ್ದು ನಾನು. ನೈಟ್ ಡ್ಯೂಟಿ ಮಾಡಿ ಎಕ್ಸಾಮ್ ಬರೆದದ್ದು ನಾನು. ನನ್ನನ್ನು ಒಬ್ಬರಾದರೂ ಕೇಳಿ ಯಾರ್! ಮಾಮ ತನ್ನ ಮಗನಿಗೋಸ್ಕರ ಸುಳ್ಳು ಹೇಳಿದರು, ಅದು ನನಗೆ ಅರ್ಥ ಆಗ್ತದೆ. ನೀನು ಯಾರಿಗೋಸ್ಕರ?”

“ನಿನಗೋಸ್ಕರ! ಇನ್ನು ಯಾರಿಗೋಸ್ಕರ? ನೀನು ಅಷ್ಟು ದೂರ ಹೋದ ಮೇಲೆ ಇಲ್ಲಿ ನಾನು ಕಣ್ಣು ಮುಚ್ಚಿ ಮಲಗುವುದು ಬೇಡವಾ? ಬಲಗಡೆ ಬಿದ್ದಿದೆ ಅಂತ ಒಂದು ಧೈರ್ಯ ಬೇಡವಾ ನನಗೆ?”

“ನಾನು ಹೋಗ್ತೇನೆ ಅಂತ ಹೇಳಿದ್ದೇನೆ. ಆ ಧೈರ್ಯ ಸಾಕಾಗೋದಿಲ್ವಾ ನಿನಗೆ?”

“ಇಲ್ಲ” ಎಂದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. “ಕೇಳದೆ ಹೋಗುವುದಾದರೆ ನಾನು ಆಗಲೇ ಹೇಳಿದ ಮಾತು ಹಾಗೇ ಉಂಟು. ನನ್ನ ಮುಖ ನೋಡಲಿಕ್ಕೆ ಬರಬೇಡ.”

“ಓಕೆ” ಎಂದಳು.

ಅಷ್ಟೇ. ಒಂದು ‘ಓಕೆ’. ಬ್ಯಾಗು ಹೆಗಲಿಗೆ ಹಾಕಿದಳು. ಬಾಗಿಲ ಹತ್ತಿರ ಚಪ್ಪಲಿಗಳ ರಾಶಿಯಲ್ಲಿ ತನ್ನದನ್ನು ಕಾಲಿನಿಂದಲೇ ಬೇರೆ ಮಾಡಿ ಮೆಟ್ಟಿದಳು. ಅತ್ತಿಗೆ “ಶ್ರಾವ್ಯಾ, ನೀರಾದರೂ ಕುಡಿ ಮಗಾ” ಎಂದಳು. ಅಣ್ಣ ನನಗೆ ಹೇಳಿದ, “ಹೋಗಿ ಹಿಡಿ ಅವಳನ್ನು, ಮುಟ್ಠಾಳೆ.” ನಾನು ಹಿಡಿಯಲಿಲ್ಲ. ಮೊದಲು ಅವನ ಹತ್ತಿರ ಮಾತಾಡಲಿಕ್ಕೆ ಇನ್ನೂ ಇತ್ತು ನನಗೆ. ಆ ಮನೆಯಿಂದ ನಾನು ಕೆಳಗೆ ಇಳಿದಾಗ ಬಿಲ್ಡಿಂಗಿನ ಗೇಟಿನಲ್ಲಿ ಅವಳು ಇರಲಿಲ್ಲ. ರಿಕ್ಷಾ ಸ್ಟ್ಯಾಂಡಿನಲ್ಲೂ ಇರಲಿಲ್ಲ.

ಅವಳು ಭಾಂಡುಪ್‌ಗೆ ಬರಲೇ ಇಲ್ಲ. ಗೋರೆಗಾಂವ್‌ನ ನರ್ಸುಗಳ ಹಾಸ್ಟೆಲಿನಲ್ಲಿದ್ದು, ಅಲ್ಲಿಂದಲೇ ಜರ್ಮನಿಗೆ ಹೋದಳು. ಬಟ್ಟೆ ತೆಗೆದುಕೊಂಡು ಹೋಗಲಿಕ್ಕೆ ಜೊತೆಯ ಹುಡುಗಿಯನ್ನು ಕಳಿಸಿದಳು. ಆ ಹುಡುಗಿಗೂ ನಾನು ಬೈದೆ. ಜನ ನನಗೆ ಬುದ್ಧಿ ಹೇಳುತ್ತಾರೆ, ಹಟ ಬಿಡು, ನೀನೇ ಫೋನ್ ಮಾಡು ಎನ್ನುತ್ತಾರೆ. ನಾನು ಯಾಕೆ ಮಾಡಲಿ? ಸುಳ್ಳು ಹೇಳಿದ್ದು ಅಣ್ಣ. ನಾನು ಹೇಳಿದ್ದು ಸರಿಯಾಗಿ ಒಂದು ಸಲ ಕೇಳುವ ಎಂದು. ಅದರಲ್ಲಿ ಬಾಗಿಲು ದಾಟಿ ಹೋಗುವಂಥದ್ದು ಏನಿತ್ತು?